ಎಷ್ಟು ಮಂದಿ ಭಾಸ್ಕರರು?

1979ರ ಜೂನ್ 7ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್ ಎಂಬಲ್ಲಿಂದ ನಮ್ಮ ದೇಶದ ಒಂದು ಉಪಗ್ರಹ ಆಕಾಶಕ್ಕೆ ಹೋಯಿತು. ಬೆಂಗಳೂರಿನಲ್ಲಿ ತಯಾರಾದದ್ದು, ಮೇಲಿನಿಂದ ನೆಲವನ್ನೂ ಕಡಲನ್ನೂ ನೋಡಲೆಂದು ಟಿ.ವಿ. ಕ್ಯಾಮೆರಾಗಳನ್ನೂ ಮೈಕ್ರೋವೇವ್ ರೇಡಿಯೋಮೀಟರನ್ನೂ ಹೊತ್ತದ್ದು. ಹೆಸರು ಭಾಸ್ಕರ. 1981ರ ನವೆಂಬರ್ 20ರಂದು ಅದರ ತಮ್ಮನೂ ಹೋಯಿತು, ಭಾಸ್ಕರ-2. ಉಪಗ್ರಹದ ಹೆಸರಿನ ಪಕ್ಕದಲ್ಲಿ ಅಂಕೆಯಿದ್ದರೆ ಅದು ಬರೀ ಸರಣಿಯ ಲೆಕ್ಕ. ಇಲ್ಲಿ ಮಾತ್ರ ಆ ಅಂಕೆಗೆ ಇನ್ನೊಂದು ಅರ್ಥವೂ ಹೊಂದಿಕೊಂಡಿದೆ. ಈ ಹೆಸರಿನ ಗಣಿತಜ್ಞರೂ ಇಬ್ಬರು. ಪುಸ್ತಕಗಳಲ್ಲಿ ಅವರು ಒಂದನೆಯ ಭಾಸ್ಕರ, ಎರಡನೆಯ ಭಾಸ್ಕರ. ನಡುವಿನ ಅಂತರ ಐನೂರು ವರ್ಷ.

ಐನೂರು ವರ್ಷವೆಂದರೆ ಕೃಷ್ಣದೇವರಾಯನಿಗೂ ನಮಗೂ ಇರುವಷ್ಟು ದೂರ. ಆದರೂ ಬಹಳ ಮಂದಿಯ ತಲೆಯಲ್ಲಿ ಇವರಿಬ್ಬರೂ ಒಬ್ಬರೇ. ನವೆಂಬರ್ ಬಂತೆಂದರೆ ಹೊರನಾಡ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡುತ್ತದೆ. ಅದರಲ್ಲಿ ಭಾಸ್ಕರ ವಿಜಯಪುರದಲ್ಲಿ ಹುಟ್ಟುತ್ತಾನೆ, ಆರ್ಯಭಟನ ಶಿಷ್ಯಪರಂಪರೆಯಲ್ಲಿ ಕೂತು ವ್ಯಾಖ್ಯಾನ ಬರೆಯುತ್ತಾನೆ, ಜ್ಯಾ ಲೆಕ್ಕಕ್ಕೆ ಸೂತ್ರ ಕೊಡುತ್ತಾನೆ, ಆಮೇಲೆ ಮಗಳಿಗಾಗಿ ಲೀಲಾವತಿ ರಚಿಸುತ್ತಾನೆ. ಒಂದೇ ಜನ್ಮದಲ್ಲಿ ಇಷ್ಟೂ! ಕಳಿಸಿದವರ ಪ್ರೀತಿ ದೊಡ್ಡದು, ಒಪ್ಪೋಣ. ಆದರೆ ಆ ಪ್ರೀತಿಯಲ್ಲಿ ಒಬ್ಬ ಮನುಷ್ಯ ಪೂರ್ತಿ ಕಾಣೆಯಾಗಿದ್ದಾನೆ.

ಗಣಿತದವರ ಮನೆಗೆ ಹೋಗುವ ಮೊದಲು ಉಳಿದ ಭಾಸ್ಕರರನ್ನೂ ಒಮ್ಮೆ ಮಾತಾಡಿಸಿ ಬರೋಣ. ಭಾಸ್ಕರ ಎಂದರೆ ಬೆಳಕು ಮಾಡುವವನು, ಸೂರ್ಯ. ಮಗ ಹುಟ್ಟಿದ ಮನೆಯಲ್ಲಿ ಯಾವ ಕಾಲದಲ್ಲೂ ಹೊಳೆಯಬಹುದಾದ ಹೆಸರು. ವೇದಾಂತದಲ್ಲಿ ಒಬ್ಬ ಭಾಸ್ಕರನಿದ್ದಾನೆ. ಶಂಕರರ ತರುವಾಯ ಬ್ರಹ್ಮಸೂತ್ರಕ್ಕೆ ಭಾಷ್ಯ ಬರೆದವನು. ಜೀವಕ್ಕೂ ಬ್ರಹ್ಮಕ್ಕೂ ಭೇದವೂ ಉಂಟು, ಅಭೇದವೂ ಉಂಟು ಎಂಬುದು ಅವನ ನಿಲುವು. ಮಾಯಾವಾದ ಬೌದ್ಧರಿಂದ ಬಂದ ಸರಕು ಎಂದು ಮುಲಾಜಿಲ್ಲದೆ ಬರೆದ. ಮುಂದೆ ರಾಮಾನುಜರು ಅವನನ್ನೂ ಖಂಡಿಸಿದರು. ಹೀಗೆ ಎರಡೂ ಕಡೆಯವರಿಗೆ ಬೇಡವಾದವನನ್ನು ಇವತ್ತು ಓದುವವರು ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಮಾತ್ರ. ಕೃಷ್ಣ ಯಜುರ್ವೇದದ ತೈತ್ತಿರೀಯ ಸಂಹಿತೆಗೆ ಭಾಷ್ಯ ಬರೆದ ಭಟ್ಟ ಭಾಸ್ಕರ ಬೇರೆ. ಆ ಭಾಷ್ಯವನ್ನು 1890ರ ದಶಕದಲ್ಲಿ ಅಚ್ಚು ಹಾಕಿದ್ದು ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿ.

ಹೈದರಾಬಾದಿನ ಓದುಗರಿಗೆ ಭಾಸ್ಕರ ರಾಮಾಯಣದ ಹೆಸರು ಗೊತ್ತಿರುತ್ತದೆ. ಹುಳಕ್ಕಿ ಭಾಸ್ಕರನ ಹೆಸರು ಹೊತ್ತ ಆ ತೆಲುಗು ಕಾವ್ಯಕ್ಕೆ ಕೈ ಹಾಕಿದವರು ನಾಲ್ವರು; ಅವನ ಮಗನೂ ಅದರಲ್ಲೊಬ್ಬ. ಮಹಾಕವಿ ತಿಕ್ಕನನ ಅಜ್ಜನೂ ಭಾಸ್ಕರನೇ, ಮಂತ್ರಿ ಭಾಸ್ಕರ. ಅವನೂ ರಾಮಾಯಣ ಬರೆದಿದ್ದನೆಂಬ ಮಾತುಂಟು. ಹಾಗಾಗಿ ಯಾವ ಭಾಸ್ಕರನದು ಯಾವ ರಾಮಾಯಣ ಎಂಬ ಜಗಳ ತೆಲುಗು ಪಂಡಿತರಲ್ಲಿ ಬಹಳ ದಿನ ನಡೆಯಿತು. ನಮ್ಮ ಕನ್ನಡದ ಭಾಸ್ಕರ ಜೈನಕವಿ. 1424ರಲ್ಲಿ ಪೆನುಗೊಂಡೆಯಲ್ಲಿ ಜೀವಂಧರ ಚರಿತೆಯನ್ನು ಭಾಮಿನಿ ಷಟ್ಪದಿಯಲ್ಲಿ ಬರೆದು ಮುಗಿಸಿದ. ಪೆನುಗೊಂಡೆ ಇವತ್ತು ಆಂಧ್ರದಲ್ಲಿದೆ, ಅಂದರೆ ಇಂದಿನ ನಕ್ಷೆ ಹಿಡಿದು ನೋಡಿದರೆ ಆತನೂ ನಮ್ಮ ಹಾಗೆ ಹೊರನಾಡ ಕನ್ನಡಿಗನೇ! 18ನೇ ಶತಮಾನದ ಭಾಸ್ಕರರಾಯ ಲಲಿತಾ ಸಹಸ್ರನಾಮಕ್ಕೆ ಬರೆದ ಭಾಷ್ಯದಲ್ಲಿ ತನ್ನ ಹೆಸರನ್ನೂ ಹೆಣೆದು ಸೌಭಾಗ್ಯಭಾಸ್ಕರ ಎಂದು ಕರೆದ. ಆತ ಕೊನೆಗೆ ನೆಲೆನಿಂತ ತಂಜಾವೂರು ಸೀಮೆಯ ಹಳ್ಳಿಗೆ ಆತನದೇ ಹೆಸರು ನಿಂತಿದೆ. ಇನ್ನು ಪುಣೆಯವರಿಗೆ ಭಾಸ್ಕರಬುವಾ ಬಖಲೆ ಅವರ ಪರಿಚಯ ಮಾಡಿಸಬೇಕಾಗಿಲ್ಲ. ಭಾರತ ಗಾಯನ ಸಮಾಜ ಕಟ್ಟಿದವರು, ಬಾಲಗಂಧರ್ವರ ಗುರು, ಧಾರವಾಡದಲ್ಲೂ ಕೆಲಕಾಲ ಸಂಗೀತದ ಮೇಷ್ಟರಾಗಿದ್ದವರು.

ಇವರಲ್ಲಿ ಬುವಾ ಅವರನ್ನು ವೇದಾಂತಿಯೊಂದಿಗೆ ಯಾರೂ ಬೆರೆಸುವುದಿಲ್ಲ. ಜೀವಂಧರನ ಕತೆ ಹೇಳಿದವನೇ ಲಲಿತೆಯ ನಾಮಗಳಿಗೂ ಅರ್ಥ ಬರೆದ ಎಂದು ಯಾರೂ ಹೇಳುವುದಿಲ್ಲ. ವಿದ್ಯೆ ಬೇರೆಯಾದರೆ ಹೆಸರು ಒಂದಾದರೂ ಅಡ್ಡಿಯಿಲ್ಲ. ಹೆಸರೂ ಒಂದು, ವಿದ್ಯೆಯೂ ಒಂದು ಎಂದಾಗ ದೊಡ್ಡ ಹೆಸರಿನವನು ಇನ್ನೊಬ್ಬನನ್ನು ನುಂಗುತ್ತಾನೆ. ತೆಲುಗು ರಾಮಾಯಣದಲ್ಲಿ ಆದದ್ದು ಅದು. ಗಣಿತದಲ್ಲಿ ಆದದ್ದು ಇನ್ನೂ ಹೆಚ್ಚು.

ಒಂದನೆಯ ಭಾಸ್ಕರ ಬರೆದದ್ದು ಕ್ರಿ.ಶ. 629ರಲ್ಲಿ. ಇದನ್ನು ನಾವು ಊಹಿಸಬೇಕಿಲ್ಲ. ಕಲ್ಪ ಶುರುವಾಗಿ ಎಷ್ಟು ವರ್ಷ ಸಂದವು ಎಂಬ ಲೆಕ್ಕವನ್ನು ಅವನೇ ತನ್ನ ವ್ಯಾಖ್ಯಾನದಲ್ಲಿ ಕೊಟ್ಟಿದ್ದಾನೆ, ಅದರಿಂದ ಈ ಇಸವಿ ಸಿಗುತ್ತದೆ. ಬಾದಾಮಿಯಲ್ಲಿ ಇಮ್ಮಡಿ ಪುಲಿಕೇಶಿ, ಉತ್ತರದಲ್ಲಿ ಹರ್ಷ ಆಳುತ್ತಿದ್ದ ಕಾಲ. ಇವನ ಉದಾಹರಣೆಗಳಲ್ಲಿ ಬರುವ ಊರುಗಳು ವಲಭಿ, ಭರುಕಚ್ಛ, ಸ್ಥಾಣೇಶ್ವರ. ಇಂದಿನ ಗುಜರಾತಿನಲ್ಲಿ ಓಡಾಡಿಕೊಂಡಿದ್ದವನೆಂದು ಅದರಿಂದ ತಿಳಿಯುತ್ತದೆ. ಆರ್ಯಭಟೀಯಕ್ಕೆ ಇವತ್ತು ನಮಗೆ ಉಳಿದಿರುವ ಅತಿ ಹಳೆಯ ವ್ಯಾಖ್ಯಾನ ಇವನದೇ. ಆರ್ಯಭಟ ಬರೆಯುತ್ತಿದ್ದದ್ದು ಟೆಲಿಗ್ರಾಂ ಭಾಷೆಯಲ್ಲಿ. ಇಡೀ ಗಣಿತವನ್ನು 33 ಶ್ಲೋಕಗಳಲ್ಲಿ ಮುಗಿಸಿದವನು. ಅದನ್ನು ಬಿಡಿಸಿ, ಉದಾಹರಣೆ ಕೊಟ್ಟು, ಹುಡುಗರಿಗೆ ತಿಳಿಯುವ ಹಾಗೆ ಗದ್ಯದಲ್ಲಿ ಬರೆದವನು ಭಾಸ್ಕರ. ಅವನಿಲ್ಲದಿದ್ದರೆ ಆರ್ಯಭಟನ ಎಷ್ಟೋ ಸಾಲುಗಳು ನಮಗೆ ಒಗಟಾಗಿಯೇ ಉಳಿಯುತ್ತಿದ್ದವು. ಇದರ ಜೊತೆಗೆ ಮಹಾಭಾಸ್ಕರೀಯ, ಲಘುಭಾಸ್ಕರೀಯ ಎಂಬ ಎರಡು ಜ್ಯೋತಿಷ ಗ್ರಂಥಗಳು.

ಮಹಾಭಾಸ್ಕರೀಯದಲ್ಲಿ ಒಂದು ಸೂತ್ರವಿದೆ. ಜ್ಯಾ ಕೋಷ್ಟಕದ ಸಹಾಯವಿಲ್ಲದೆ ಸೈನ್ ಬೆಲೆ ತೆಗೆಯುವ ಉಪಾಯ. ಇಂದಿನ ಮಾತಿನಲ್ಲಿ ಹೇಳುವುದಾದರೆ ಹೀಗೆ: 180ರಿಂದ ಕೋನವನ್ನು ಕಳೆಯಿರಿ, ಉಳಿದದ್ದನ್ನು ಕೋನದಿಂದಲೇ ಗುಣಿಸಿ. ಬಂದ ಸಂಖ್ಯೆಯ ನಾಲ್ಕರಷ್ಟು ಮೇಲೆ, 40500ರಲ್ಲಿ ಆ ಸಂಖ್ಯೆಯನ್ನು ಕಳೆದರೆ ಉಳಿಯುವುದು ಕೆಳಗೆ, ಭಾಗಿಸಿ. ಕೋನ 30 ಎಂದುಕೊಳ್ಳಿ. 150ನ್ನು 30ರಿಂದ ಗುಣಿಸಿದರೆ 4500. ಮೇಲೆ 18000, ಕೆಳಗೆ 36000. ಸರಿಯಾಗಿ ಅರ್ಧ! 90ಕ್ಕೆ ಸರಿಯಾಗಿ ಒಂದು. 45ಕ್ಕೆ 0.7059 ಬರುತ್ತದೆ, ನಿಜವಾದದ್ದು 0.7071. ಸಾಫ್ಟ್‌ವೇರ್ ಕೆಲಸದ ಗೆಳೆಯರು ಇದನ್ನು ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ಸೊನ್ನೆಯಿಂದ 180ರವರೆಗೆ ಓಡಿಸಿ ನೋಡಬಹುದು; ಎಲ್ಲಿಯೂ ವ್ಯತ್ಯಾಸ 0.002ನ್ನು ಮುಟ್ಟುವುದಿಲ್ಲ. ಗೆರೆ, ಹಗ್ಗ, ಹಲಗೆ ಹಿಡಿದು ಲೆಕ್ಕ ಮಾಡುತ್ತಿದ್ದ ಕಾಲದ ಮಾತು ಇದು.

ಇಷ್ಟು ಮಾಡಿದವನು ಮರೆಯಾದದ್ದು ಹೇಗೆ? ಪೂರ್ತಿ ಮರೆಯಾಗಿರಲಿಲ್ಲ. ಕೇರಳದವರು ಅವನನ್ನು ಬಿಟ್ಟಿರಲಿಲ್ಲ. 869ರಲ್ಲಿ ಚೇರ ರಾಜನ ಆಸರೆಯಲ್ಲಿ, ಇಂದಿನ ಕೊಡುಂಗಲ್ಲೂರಿನಲ್ಲಿ, ಶಂಕರನಾರಾಯಣನೆಂಬ ಜ್ಯೋತಿಷಿ ಲಘುಭಾಸ್ಕರೀಯಕ್ಕೆ ವಿವರಣೆ ಬರೆದ. 15ನೇ ಶತಮಾನದಲ್ಲಿ ಪರಮೇಶ್ವರ ಮಹಾಭಾಸ್ಕರೀಯಕ್ಕೆ ಬರೆದ. ಓಲೆಗರಿಗಳು ಅಲ್ಲಿನ ಮನೆಗಳಲ್ಲಿ ಪ್ರತಿಯಾಗುತ್ತ ಬಂದವು. ಆದರೆ ಉಳಿದ ಕಡೆ 1150ರ ನಂತರ ಭಾಸ್ಕರ ಎಂದರೆ ಸಿದ್ಧಾಂತಶಿರೋಮಣಿಯ ಭಾಸ್ಕರ ಒಬ್ಬನೇ ಆದ. ಕಾಶಿಯಲ್ಲೂ ದೇವಗಿರಿಯಲ್ಲೂ ಪಾಠಶಾಲೆಯ ಹುಡುಗ ಕಲಿಯುತ್ತಿದ್ದದ್ದು ಅವನ ಲೀಲಾವತಿಯನ್ನು. ಯಾವುದಾದರೂ ಹಳೆಯ ಪುಸ್ತಕದಲ್ಲಿ ಭಾಸ್ಕರ ಹೀಗೆಂದ ಎಂದು ಬರೆದಿದ್ದರೆ ಓದುಗನ ಕಣ್ಣ ಮುಂದೆ ನಿಲ್ಲುತ್ತಿದ್ದವನು ಅವನೇ. 1114ರಲ್ಲಿ ಹುಟ್ಟಿದವನ ಪುಸ್ತಕಕ್ಕೆ 869ರಲ್ಲಿ ವಿವರಣೆ ಬರೆಯಲಾದೀತೇ ಎಂದು ಕೇಳುವುದಕ್ಕೆ ಎರಡೂ ಇಸವಿಗಳು ಒಂದೇ ಮೇಜಿನ ಮೇಲೆ ಇರಬೇಕು. ಆ ಮೇಜು ಸಿದ್ಧವಾದದ್ದು ಬಹಳ ತಡವಾಗಿ. 1930ರಲ್ಲಿ ಗಣಿತ ಚರಿತ್ರಕಾರ ಬಿಭೂತಿಭೂಷಣ ದತ್ತ ಇಬ್ಬರು ಭಾಸ್ಕರರು ಎಂಬ ತಲೆಬರಹದಲ್ಲೇ ಒಂದು ಲೇಖನ ಬರೆದು ಇವರನ್ನು ಬಿಡಿಸಿ ನಿಲ್ಲಿಸಿದರು. ಲಖನೌ ವಿಶ್ವವಿದ್ಯಾಲಯದ ಕೃಪಾಶಂಕರ ಶುಕ್ಲ 1960ರಲ್ಲಿ ಮಹಾಭಾಸ್ಕರೀಯವನ್ನು, 1963ರಲ್ಲಿ ಲಘುಭಾಸ್ಕರೀಯವನ್ನು, 1976ರಲ್ಲಿ ಆರ್ಯಭಟೀಯದ ವ್ಯಾಖ್ಯಾನವನ್ನು ಸಂಪಾದಿಸಿ ಪ್ರಕಟಿಸಿದರು. ಸಾವಿರದ ಮುನ್ನೂರು ವರ್ಷದ ಹಿಂದಿನ ಮನುಷ್ಯ ಅಚ್ಚಿನಲ್ಲಿ ಪೂರ್ತಿಯಾಗಿ ಸಿಕ್ಕಿದ್ದು ಉಪಗ್ರಹ ಹಾರುವುದಕ್ಕೆ ಬರೀ ಮೂರು ವರ್ಷ ಮುಂಚೆ.

ಪಾಪ, ಮೊದಲನೆಯವನಿಗೆ ತಾನು ಮೊದಲನೆಯವನೆಂದು ಗೊತ್ತಿರಲಿಲ್ಲ. ಎರಡನೆಯವನಿಗೂ ತಾನು ಎರಡನೆಯವನು ಎಂಬ ಅಳುಕಿರಲಿಲ್ಲ. ತನ್ನ ಬಗ್ಗೆ ಆತ ಹೇಳಿಕೊಂಡಷ್ಟು ಸ್ಪಷ್ಟವಾಗಿ ಹೇಳಿಕೊಂಡವರು ಹಳಬರಲ್ಲಿ ಕಡಿಮೆ. ಹುಟ್ಟಿದ್ದು ಶಕ 1036, ಅಂದರೆ ಕ್ರಿ.ಶ. 1114. ಇದನ್ನು ಅಂಕೆಗಳಲ್ಲಿ ಬರೆಯದೆ ಪದಗಳಲ್ಲಿ ಕಟ್ಟಿದ್ದಾನೆ: ರಸಗಳು ಆರು, ಗುಣಗಳು ಮೂರು, ಪೂರ್ಣವೆಂದರೆ ಸೊನ್ನೆ, ಭೂಮಿ ಒಂದು, ಬಲದಿಂದ ಎಡಕ್ಕೆ ಓದಿಕೊಳ್ಳಬೇಕು. 36ನೇ ವಯಸ್ಸಿಗೆ ಸಿದ್ಧಾಂತಶಿರೋಮಣಿ ಮುಗಿಸಿದೆ ಎನ್ನುತ್ತಾನೆ. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗ. ಬೀಜಗಣಿತದಲ್ಲಿ ಒಂದು ಲೆಕ್ಕ ಪ್ರಸಿದ್ಧ: ಒಂದು ವರ್ಗವನ್ನು 61ರಿಂದ ಗುಣಿಸಿ ಒಂದನ್ನು ಕೂಡಿದರೆ ಮತ್ತೆ ವರ್ಗವೇ ಬರಬೇಕು, ಯಾವುದು ಆ ಸಂಖ್ಯೆ? ಉತ್ತರ 226153980. ಇದೇ ಲೆಕ್ಕವನ್ನು ಫ್ರಾನ್ಸಿನ ಫರ್ಮಾ 1657ರಲ್ಲಿ ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಎಸೆದ. ಚಕ್ರವಾಲ ವಿಧಾನದಿಂದ ಇವನು ಅದನ್ನು ಬಿಡಿಸಿ ಐನೂರು ವರ್ಷವಾಗಿತ್ತು.

ಮಗಳು ಲೀಲಾವತಿಯ ಕತೆ ಎಲ್ಲರಿಗೂ ಗೊತ್ತು. ಮದುವೆಯ ಮುಹೂರ್ತ, ನೀರಿನ ಗಡಿಯಾರ, ಅದರೊಳಗೆ ಬಿದ್ದ ಮುತ್ತು. ಅದು ಭಾಸ್ಕರನ ಪುಸ್ತಕದಲ್ಲಿಲ್ಲ. 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಲೀಲಾವತಿಯನ್ನು ಪಾರಸಿಗೆ ತಂದಾಗ ಮುನ್ನುಡಿಯಲ್ಲಿ ಹೇಳಿದ ಕತೆ. ಚಂದದ ಕತೆ, ಬಿಡುವುದು ಬೇಡ. ಆದರೆ ಅದು ಫೈಜಿಯ ಖಾತೆಯಲ್ಲಿರಲಿ. ಅಂದಹಾಗೆ ನಮ್ಮ ಕನ್ನಡದಲ್ಲೂ 12ನೇ ಶತಮಾನದ ಲೀಲಾವತಿಗಳು ಎರಡಿವೆ. ಒಂದು ನೇಮಿಚಂದ್ರನ ಚಂಪೂಕಾವ್ಯ, ಪ್ರೇಮದ ಕತೆ. ಇನ್ನೊಂದು ರಾಜಾದಿತ್ಯನ ಗಣಿತದ ಪುಸ್ತಕ. ವ್ಯವಹಾರಗಣಿತ ಬರೆದ ಅದೇ ರಾಜಾದಿತ್ಯ. ಮನುಷ್ಯರಿಗಷ್ಟೇ ಅಲ್ಲ, ಪುಸ್ತಕಗಳಿಗೂ ಈ ತಾಪತ್ರಯ ತಪ್ಪಿದ್ದಲ್ಲ.

ಈಗ ನಮ್ಮವರಿಗೆ ಬಿಸಿಯೇರುವ ವಿಷಯಕ್ಕೆ ಬರೋಣ. ಭಾಸ್ಕರಾಚಾರ್ಯ ಯಾವ ಊರಿನವನು? ಅವನೇ ಹೇಳಿದ ಪ್ರಕಾರ, ಸಹ್ಯ ಪರ್ವತದ ಆಶ್ರಯದಲ್ಲಿ ಪಂಡಿತರು ತುಂಬಿದ್ದ ವಿಜ್ಜಡವಿಡ ಎಂಬ ಊರು. ಅಲ್ಲಿದ್ದ ಶಾಂಡಿಲ್ಯ ಗೋತ್ರದ ಮಹೇಶ್ವರ ಅವನ ತಂದೆ, ಗುರುವೂ ಅವನೇ. ವಿಜ್ಜಡವಿಡವೆಂದರೆ ಬಿಜಾಪುರ ಎಂದು ಅನೇಕ ಪುಸ್ತಕಗಳು ಬರೆದುಬಿಟ್ಟವು. ಕನ್ನಡದ ಕಿವಿಗೆ ಆ ಹೆಸರಿನಲ್ಲಿ ಬಿಜ್ಜಳನೂ ಕೇಳಿಸುತ್ತಾನೆ, ಬೀಡೂ ಕೇಳಿಸುತ್ತದೆ, ಬಿಜ್ಜಳಬೀಡು. ಬರೀ ಕಿವಿಯ ಭ್ರಮೆ ಎಂದು ತಳ್ಳಿಹಾಕುವ ಹಾಗಿಲ್ಲ. 1150ರ ಹೊತ್ತಿಗೆ ಕಳಚುರಿ ಬಿಜ್ಜಳ ಇನ್ನೂ ಚಾಲುಕ್ಯರ ಸಾಮಂತ, ಕಲ್ಯಾಣದ ಗದ್ದುಗೆ ಅವನ ಕೈಗೆ ಬಂದದ್ದು ಆಮೇಲೆ. ಆದರೆ ಅವನ ಮನೆತನದ ಬೇರು ಮಂಗಳವೇಢೆಯಲ್ಲಿತ್ತು, ಬಿಜಾಪುರದ ಸೀಮೆ ಅಲ್ಲಿಂದ ದೂರವಲ್ಲ. ಇದರ ಎದುರಿಗೆ ಎರಡು ಮಾತಿವೆ. ಬಿಜಾಪುರದ ಹಳೆಯ ಹೆಸರು ಶಾಸನಗಳಲ್ಲಿ ವಿಜಯಪುರ, ಅದರಲ್ಲಿ ಪುರವಿದೆ, ಬೀಡಿಲ್ಲ. ಮತ್ತೆ, ವಿಜಯಪುರದ ಬಯಲಿನಲ್ಲಿ ನಿಂತು ಸಹ್ಯಾದ್ರಿಯ ಆಶ್ರಯ ಎಲ್ಲಿ ಎಂದು ಹುಡುಕಿದರೆ ಕಣ್ಣಿಗೆ ಬೀಳುವುದು ಜೋಳದ ಹೊಲಗಳು.

ಮರಾಠಿ ಗೆಳೆಯರ ಕೈಯಲ್ಲಿ ಒಂದು ಗಟ್ಟಿ ದಾಖಲೆಯಿದೆ. ಮುಂಬಯಿಯವರು ಭಾಯಖಳಾದ ರಾಣಿಬಾಗ್ ಪಕ್ಕದ ಮ್ಯೂಸಿಯಂ ನೋಡಿರುತ್ತೀರಿ. ಅದಕ್ಕೆ ಯಾರ ಹೆಸರಿದೆಯೋ ಆ ವೈದ್ಯ ಭಾವು ದಾಜಿ ಲಾಡ್ ಶಾಸನಗಳ ಹುಚ್ಚಿನವರು. ಅವರು 1860ರ ದಶಕದಲ್ಲಿ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ, ಸಹ್ಯಾದ್ರಿಯ ಕವಲಿನ ಬುಡದಲ್ಲಿ, ಒಂದು ಶಾಸನವನ್ನು ಕಂಡುಹಿಡಿದರು. ಶಕ 1128ರ ದಾನ ಅದರಲ್ಲಿದೆ, ಅಂದರೆ 1206-07. ಹಾಕಿಸಿದವನು ಚಾಂಗದೇವ, ಸೇವುಣ ದೊರೆ ಸಿಂಘಣನ ಆಸ್ಥಾನದ ಜ್ಯೋತಿಷಿ. ಭಾಸ್ಕರಾಚಾರ್ಯನ ಮೊಮ್ಮಗ.

ಇಲ್ಲಿ ಒಂದು ಮಾತು ನಡುವೆ ಹೇಳಬೇಕು. ಊರು ಬಿಟ್ಟು ಬಂದ ನಮಗೆಲ್ಲ ಅರ್ಜಿ ಫಾರಂಗಳಲ್ಲಿ ಒಂದು ಪರದಾಟ ಗೊತ್ತು. ಮೊದಲ ಹೆಸರು, ನಡುವಿನ ಹೆಸರು, ಅಡ್ಡಹೆಸರು ಎಂದು ಮೂರು ಖಾನೆ. ನಮ್ಮ ಹಳೇ ಮೈಸೂರಿನ ಕಡೆಯವರಿಗೆ ಅಡ್ಡಹೆಸರೇ ಇಲ್ಲ, ಇರುವುದು ಎರಡು ಇನಿಷಿಯಲ್. ಒಂದು ಊರಿನದು, ಇನ್ನೊಂದು ಅಪ್ಪನದು. ಒಂದು ಕಚೇರಿಯಲ್ಲಂತೂ ನನ್ನ ಊರನ್ನೇ ನನ್ನ ಹೆಸರು ಮಾಡಿ, ವರ್ಷಗಟ್ಟಲೆ ಆ ಊರಿನ ಹೆಸರಿನಿಂದಲೇ ಕರೆದರು. ಆ ಎರಡು ಅಕ್ಷರ ನಮಗೆ ಅಲಂಕಾರವಲ್ಲ. ಯಾವ ಭಾಸ್ಕರ ಎಂದು ಕೇಳಿದವರಿಗೆ ಇಂಥ ಊರಿನ ಇಂಥವರ ಮಗ ಎಂದು ಉತ್ತರ ಹೇಳುವುದು ಅವೇ. ಪಾಟಣದ ಶಾಸನ ಮಾಡುವುದೂ ಇದನ್ನೇ, ಇನ್ನೂ ವಿಸ್ತಾರವಾಗಿ.

ಶಾಸನದ ಪಟ್ಟಿ ಹೀಗಿದೆ. ತ್ರಿವಿಕ್ರಮ, ಅವನ ಮಗ ಭಾಸ್ಕರಭಟ್ಟ, ಅವನ ಮಗ ಗೋವಿಂದ, ಆಮೇಲೆ ಪ್ರಭಾಕರ, ಮನೋರಥ, ಮಹೇಶ್ವರ, ಭಾಸ್ಕರ, ಲಕ್ಷ್ಮೀಧರ, ಕೊನೆಗೆ ಚಾಂಗದೇವ. ಕಣ್ಣಿಗೆ ಬಿತ್ತೇ? ಮನೆಯೊಳಗೇ ಇನ್ನೊಬ್ಬ ಭಾಸ್ಕರ! ಗಣಿತಜ್ಞನ ಮುತ್ತಜ್ಜನ ಅಜ್ಜ. ಭೋಜರಾಜನಿಂದ ವಿದ್ಯಾಪತಿ ಎಂಬ ಬಿರುದು ಪಡೆದವನು ಎಂದು ಶಾಸನ ಹೇಳುತ್ತದೆ. ಹಿರಿಯರ ಹೆಸರನ್ನು ಮಕ್ಕಳಿಗೆ ಇಡುವ ಪದ್ಧತಿ ನಮ್ಮಲ್ಲಿ ಇಂದಿಗೂ ಇದೆಯಲ್ಲ. ಒಂದನೆಯವನು, ಎರಡನೆಯವನು ಎಂಬ ಚರಿತ್ರಕಾರರ ಲೆಕ್ಕ ಇಲ್ಲಿ ಕೈಕೊಡುತ್ತದೆ. ತನ್ನ ಮನೆಯಲ್ಲೂ ಅವನು ಎರಡನೆಯವನೇ ಆಗಿದ್ದ, ಆದರೆ ಆ ಮನೆಯ ಒಂದನೆಯವನು ಗುಜರಾತಿನವನಲ್ಲ.

ಲಕ್ಷ್ಮೀಧರನನ್ನು ಜೈತ್ರಪಾಲ ದೊರೆ ಇದೇ ಊರಿನಿಂದ ಕರೆದೊಯ್ದು ಪಂಡಿತರ ಮುಖ್ಯಸ್ಥನನ್ನಾಗಿ ಮಾಡಿದನೆಂದು ಶಾಸನದಲ್ಲಿದೆ. ಹಾಗಾದರೆ ಭಾಸ್ಕರನ ಮಗನ ಕಾಲಕ್ಕೆ ಮನೆತನ ಪಾಟಣದಲ್ಲಿತ್ತು ಎಂಬುದು ಖಚಿತ. ಭಾಸ್ಕರ ಹುಟ್ಟಿದ್ದೂ ಅಲ್ಲಿಯೇ ಎಂದು ಶಾಸನ ಎಲ್ಲೂ ಹೇಳುವುದಿಲ್ಲ, ವಿಜ್ಜಡವಿಡದ ಮಾತನ್ನೇ ಎತ್ತುವುದಿಲ್ಲ. ಕಲ್ಲಿನ ಮಾತನ್ನು ಕಲ್ಲಿನಷ್ಟಕ್ಕೇ ನಿಲ್ಲಿಸಿದರೆ, ಖಾನದೇಶದ ಪಕ್ಷ ಬಿಜಾಪುರದ ಪಕ್ಷಕ್ಕಿಂತ ಬಲವಾದದ್ದು ಎಂದು ನನಗೆ ಅನಿಸುತ್ತದೆ. ಇದನ್ನು ಕೇಳಿ ಕೆಲವು ಓದುಗರು ಸಿಟ್ಟಾಗಬಹುದು. ಆದರೆ 1150ರಲ್ಲಿ ಈ ಎರಡೂ ಊರುಗಳ ನಡುವೆ ರಾಜ್ಯದ ಗಡಿಯಿರಲಿಲ್ಲ, ಆ ಗೆರೆ ಬಿದ್ದದ್ದು ಮೊನ್ನೆ ಮೊನ್ನೆ. ಸೇವುಣ ದೊರೆಗಳು ಹಾಕಿಸಿದ ಕನ್ನಡ ಶಾಸನಗಳು ಕಡಿಮೆಯೇನಿಲ್ಲ. ಬಸವಣ್ಣನವರು ಕಲ್ಯಾಣದಲ್ಲಿದ್ದ ಕಾಲವೂ ಹೆಚ್ಚುಕಡಿಮೆ ಅದೇ. ಹೆಸರಿನ ಸದ್ದು ಹಿಡಿದು ಭಾಸ್ಕರನನ್ನು ವಿಜಯಪುರಕ್ಕೆ ಎಳೆದು ತಂದರೆ ಪಾಟಣದಲ್ಲಿದ್ದ ಒಂದು ಮನೆತನ ಅಳಿಸಿಹೋಗುತ್ತದೆ, ವಲಭಿಯ ಭಾಸ್ಕರ ಅಳಿಸಿಹೋದ ಹಾಗೆಯೇ. ಬ್ರೆಜಿಲ್‌ನ ಶಾಲೆಗಳಲ್ಲಿ ಇವತ್ತಿಗೂ ವರ್ಗ ಸಮೀಕರಣದ ಸೂತ್ರಕ್ಕೆ ಭಾಸ್ಕರನ ಸೂತ್ರ ಎಂದೇ ಹೆಸರು. ಅಲ್ಲಿನ ಮಕ್ಕಳಿಗೆ ಬಿಜಾಪುರವೂ ಗೊತ್ತಿಲ್ಲ, ಖಾನದೇಶವೂ ಗೊತ್ತಿಲ್ಲ.

ಪಾಟಣದ ಶಾಸನ ಹುಟ್ಟಿದ್ದು ಒಂದು ಮಠಕ್ಕಾಗಿ. ಮುಂಬಯಿ ಕಡೆಯಿಂದ ಭುಸಾವಳದ ರೈಲು ಹಿಡಿದು ಚಾಳೀಸಗಾಂವಿನಲ್ಲಿ ಇಳಿದರೆ ಪಾಟಣಾದೇವಿಯ ಗುಡಿಗೆ ಹೋಗಿಬರಬಹುದು, ಪಿತಳಖೋರಾ ಗುಹೆಗಳೂ ಅದೇ ಬೆಟ್ಟಸಾಲಿನಲ್ಲಿವೆ. ಸಿದ್ಧಾಂತಶಿರೋಮಣಿಯೂ ಭಾಸ್ಕರನ ಉಳಿದ ಗ್ರಂಥಗಳೂ ಅವನ ಮನೆತನದವರು ಬರೆದ ಗ್ರಂಥಗಳೂ ಈ ಮಠದಲ್ಲಿ ತಪ್ಪದೆ ಪಾಠವಾಗಬೇಕು ಎಂದು ಚಾಂಗದೇವ ಬರೆಸಿದ್ದಾನೆ. ಪಾಠ ನಡೆಯಲು ದುಡ್ಡು ಬೇಕಲ್ಲ, ನಿಕುಂಭ ಮನೆತನದ ಅರಸು ದಾನ ಕೊಟ್ಟ. ವಂಶದ ಹೊಗಳಿಕೆಯೆಲ್ಲ ಸಂಸ್ಕೃತದಲ್ಲಿದ್ದರೂ ಈ ದಾನದ ವಿವರಕ್ಕೆ ಬಂದಾಗ ಶಾಸನ ಅಂದಿನ ಮರಾಠಿಗೆ ಹೊರಳುತ್ತದೆ. ನಮ್ಮ ಶಾಸನಗಳಲ್ಲೂ ಹೊಗಳಿಕೆ ಸಂಸ್ಕೃತದಲ್ಲಿ, ಗದ್ದೆ ತೋಟದ ಲೆಕ್ಕ ಕನ್ನಡದಲ್ಲಿ ಇರುವುದುಂಟು. ಲೆಕ್ಕ ಪೇಟೆಯ ಜನಕ್ಕೆ ತಿಳಿಯಬೇಕಾದದ್ದು. ಪಾಟಣದ ಪೇಟೆಯಲ್ಲಿ ಬಿಚ್ಚುವ ಸರಕಿಗೆ ಕೊಳ್ಳುವವರಿಂದ ಅರಮನೆಗೆ ಸಲ್ಲುತ್ತಿದ್ದ ಸುಂಕ ಇನ್ನು ಮುಂದೆ ಮಠಕ್ಕೆ ಸಲ್ಲತಕ್ಕದ್ದು ಎಂದು ಅಲ್ಲಿ ಬರೆದಿದೆ.